ಅಕ್ಕೋರು ಮಾತಾಡವಲ್ರು

ನನ್ನ ಗೆಳೆಯನೊಬ್ಬ ಗವಾಯಿ. ಹುಟ್ಟಿದಾಗಿನಿಂದ ಅವನಿಗೆ ಕಣ್ಣು ಕಾಣುವುದಿಲ್ಲ. ಬಾಳೆಹೊಸೂರಿನ ಒಕ್ಕಲುತನದ ಮನೆಯವನು, ಈಗ ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಸಂಗೀತ ಕಲಿಸುತ್ತಾನೆ. ನಾನು ಗದಗಿನ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಇಬ್ಬರೂ ಓದುತ್ತಿದ್ದಾಗ ನಾನು ಅವನಿಗೆ ಇತಿಹಾಸದ ಪಾಠ ಓದಿ ಹೇಳುತ್ತಿದ್ದೆ, ಅವನು ನನಗೆ ಪುಕ್ಕಟೆ ಹಾಡು ಕೇಳಿಸುತ್ತಿದ್ದ. ಆ ವ್ಯವಹಾರದಲ್ಲಿ ಲಾಭವಾದದ್ದು ನನಗೇ.

ನಮ್ಮ ಹಿರಿಯರು ಲಕ್ಷ್ಮೇಶ್ವರದಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದವರು. ನನಗೆ ಮಂತ್ರ ಹತ್ತಲಿಲ್ಲ, ಕಂಪ್ಯೂಟರ್ ಹತ್ತಿತು. ಆಫೀಸಿನಲ್ಲಿ ಯಾವ ಯಂತ್ರ ಮುನಿಸಿಕೊಂಡರೂ ಮೊದಲು ನನ್ನನ್ನು ಕರೆಯುತ್ತಾರೆ, ನನಗೂ ಕರೆಸಿಕೊಳ್ಳುವುದೆಂದರೆ ಖುಷಿ. 'ಇದು ನನಗೆ ಬಾರದು' ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಮುಂದಿನ ಫಜೀತಿಯೆಲ್ಲ ಆದದ್ದು ಅದರಿಂದಲೇ.

ಕೆಲ ವರ್ಷಗಳ ಹಿಂದೆ ಗವಾಯಿ ಹುಬ್ಬಳ್ಳಿಯ ಒಂದು ಸಣ್ಣ ಸ್ಟುಡಿಯೊಕ್ಕೆ ಹೋಗಿ ಯಮನ್ ರಾಗ ಹಾಡಿ ಬಂದಿದ್ದ. ವಾರದ ಮೇಲೆ ಅವರು ಕಳಿಸಿದ್ದನ್ನು ಕೇಳಲು ನಮ್ಮ ಮನೆಗೆ ಬಂದ. ಅವ್ವ ಚಹಾ ಕೊಟ್ಟಳು. ಹಾಡು ಶುರುವಾಯಿತು, ಮುಗಿಯಿತು. ಚಹಾ ಹಾಗೆಯೇ ಇತ್ತು.

“ನನ್ನ ನಿಷಾದ ಎಲ್ಲಿ ಹೋತಲೇ?” ಎಂದ.

ಷಡ್ಜಕ್ಕೆ ಹೋಗುವ ಮೊದಲು ನಿಷಾದ ಸ್ವರದ ಮೇಲೆ ಅವನು ಬಹಳ ಹೊತ್ತು ನಿಂತಿದ್ದನಂತೆ. ಆ ಆಲಾಪವನ್ನು ಚೂರೇ ಚೂರು ಉಳಿಸಿ ಕತ್ತರಿಸಿ ಹಾಕಿದ್ದರು. ಸ್ಟುಡಿಯೊದವನಿಗೆ ಫೋನ್ ಹಚ್ಚಿದರೆ, “ಮಂದಿ ಅಷ್ಟುದ್ದ ಕೇಳೂದಿಲ್ರಿ ಸರ, ಅದಕ್ಕ ಸಣ್ಣದ ಮಾಡೇವಿ” ಎಂದು ಉಪಕಾರ ಮಾಡಿದವನ ಹಾಗೆ ಹೇಳಿದ. ಗವಾಯಿ ಬೈಯಲಿಲ್ಲ. ಫೋನ್ ಇಟ್ಟು ನನ್ನ ಕಡೆ ತಿರುಗಿದ.

“ನೋಡು, ನನ್ನ ಹಾಡು ನಾನ ರೆಕಾರ್ಡ್ ಮಾಡ್ಬೇಕು, ನಾನ ಕತ್ತರಸ್ಬೇಕು. ಬಾಜೂಕ ಯಾರೂ ಇರಬಾರ್ದು,” ಎಂದ. “ಅಂಥಾದ್ದೊಂದು ಮಷೀನ್ ಮಾಡಿಕೊಡಾಕ ಆಗ್ತೈತೇನ್ ನಿನ್ನಿಂದ?”

ಆಗುತ್ತದೆ ಎಂದೆ. ಏನು, ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ತಂಬೂರಿ ಡಬ್ಬಿಯೊಳಗೆ ಸಿಕ್ಕ ನೊಣದ ಹಾಗೆ ಕೇಳುತ್ತಿತ್ತು. ಹಾಗಾಗಿ ಮೊದಲು ನನ್ನ ಸ್ವಂತ ಕಂಪ್ಯೂಟರಿನಲ್ಲೇ ಪ್ರಯತ್ನ ಮಾಡಿದೆವು. ಪರದೆಯ ಮೇಲಿರುವುದನ್ನು ಓದಿ ಹೇಳುವ ಪ್ರೋಗ್ರಾಂ ಅದರಲ್ಲಿ ಹಾಕಿದೆ. ಉಳಿದ ಕಡೆ ಚೆನ್ನಾಗಿಯೇ ಓದುತ್ತಿತ್ತು. ಹಾಡು ಕತ್ತರಿಸುವ ಜಾಗಕ್ಕೆ ಹೋದ ಕೂಡಲೇ ಏನು ಒತ್ತಿದರೂ ಒಂದೇ ಮಾತು: ಬಟನ್, ಬಟನ್, ಬಟನ್. ಯಾವ ಬಟನ್ ಎಂದು ಮಾತ್ರ ಹೇಳದು.

“ನಾವೇನ್ ಅಂಗಿ ಹೊಲಿಯಾಕ ಕುಂತೇವೇನಲೇ?” ಎಂದು ಗವಾಯಿ ಎದ್ದು ಹೋದ.

ಆಮೇಲೆ ಅವನು ಯಾವುದೋ ಕಾರ್ಯಕ್ರಮಕ್ಕೆಂದು ಪುಣೆಗೆ ಹೋದವನು, ಅಲ್ಲಿ ಕಣ್ಣು ಕಾಣದ ಒಬ್ಬ ಸಾರಂಗಿಯವನ ಮನೆಯಲ್ಲಿ ಉಳಿದುಕೊಂಡ. ಆ ಸಾರಂಗಿಯವನ ಹತ್ತಿರ ಕಚ್ಚಿದ ಸೇಬುಹಣ್ಣಿನ ಗುರುತಿನ ಅಮೆರಿಕದ ಕಂಪ್ಯೂಟರ್ ಇತ್ತು. ಅದರಲ್ಲಿ ಹಾಡು ಮುದ್ರಿಸುವ ಪ್ರೋಗ್ರಾಂ ಮೊದಲೇ ಇರುತ್ತದೆ, ಯಾವ ಬಟನ್ ಯಾತಕ್ಕೆ ಎಂಬುದನ್ನೆಲ್ಲ ಅದು ಬಾಯಿಬಿಟ್ಟು ಹೇಳುತ್ತದೆ, ಕೇಳಿದರೆ ಕನ್ನಡದಲ್ಲೂ ಹೇಳುತ್ತದೆ. ಹೆಣ್ಣುದನಿ, ಅಪ್ಪಟ ಪುಸ್ತಕದ ಕನ್ನಡ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಗವಾಯಿ ಆ ದನಿಗೂ ಅದೇ ಹೆಸರಿಟ್ಟುಕೊಂಡು ಊರಿಗೆ ಬಂದ.

“ಅಕ್ಕೋರು ಭಾಳ ಶ್ಯಾಣ್ಯಾ ಅದಾರ. ನನಗ ಅವರ ಬೇಕು.”

ಅಸಲಿ ಯಂತ್ರದ ಬೆಲೆ ವಿಚಾರಿಸಲು ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಬೆಲೆ ಕೇಳಿ, ಹೊರಗೆ ಬಂದು, ಚಹಾ ಕುಡಿದು ಗದಗಿನ ಬಸ್ ಹತ್ತಿದೆವು. ಬಸ್ಸಿನಲ್ಲಿ ಕುಳಿತು ನಾನು ಮೊಬೈಲಿನಲ್ಲಿ ಹುಡುಕಿದೆ. ಅಕ್ಕೋರನ್ನು ಬೇರೆ ಕಂಪನಿಯ ಸಾದಾ ಕಂಪ್ಯೂಟರಿನಲ್ಲೂ ಕೂಡ್ರಿಸಬಹುದು ಎಂದು ಅಲ್ಲಿ ಮಂದಿ ಬರೆದುಕೊಂಡಿದ್ದರು. ಕಂಪನಿಗೆ ಇದು ಸೇರುವುದಿಲ್ಲ, ಯಂತ್ರಕ್ಕೂ ಸೇರುವುದಿಲ್ಲ, ಆದರೂ ಪುಸಲಾಯಿಸಿದರೆ ಆಗುತ್ತದೆ. ಅಣ್ಣಿಗೇರಿ ದಾಟುವುದರೊಳಗೆ ನಾನು ಮಾತು ಕೊಟ್ಟುಬಿಟ್ಟಿದ್ದೆ.

ಮನೆಯಲ್ಲಿ ಅವ್ವ ಕೇಳಿದ ಮೊದಲ ಪ್ರಶ್ನೆ, “ಕಳವಿನ ಸಾಮಾನ ಏನಪಾ ಅದು?”

“ಕಳವಿಂದಲ್ಲವ್ವ. ಅವರ ಪುಕ್ಕಟೆ ಕೊಡ್ತಾರ. ಆದ್ರ ತಮ್ಮ ಮಷೀನಿನ್ಯಾಗ ಅಷ್ಟ ಹಾಕ್ಕೊಬೇಕು ಅಂತಾರ.”

“ಪ್ರಸಾದ ಕೊಟ್ಟು, ನಮ್ಮ ಗುಡ್ಯಾಗ ಕುಂತ ತಿನ್ರಿ ಅಂದಂಗಾತಲ್ಲ,” ಎಂದಳು ಅವ್ವ. ಸ್ವಲ್ಪ ವಿಚಾರ ಮಾಡಿ, “ಗವಾಯಿಗಳ ಸಲುವಾಗಿ ಅಂದ್ರ ನಡೀತೈತಿ ತಗೋ,” ಎಂದು ತೀರ್ಪು ಕೊಟ್ಟಳು. ಕಂಪನಿಯವರು ಕೇಳಿದರೆ ನಮ್ಮವ್ವನನ್ನೇ ಮುಂದೆ ಮಾಡುವುದೆಂದು ನಾನೂ ನಿಶ್ಚಿಂತನಾದೆ.

ಎಲ್ಲ ಕಂಪ್ಯೂಟರಿಗೂ ಅಕ್ಕೋರು ಒಲಿಯುವುದಿಲ್ಲ. ಒಳಗಿನ ಚಿಪ್ ಇಂಥದ್ದೇ ಆಗಬೇಕು, ತೀರ ಹೊಸದೂ ಇರಬಾರದು, ತೀರ ಹಳೆಯದೂ ಇರಬಾರದು. ಕನ್ಯೆ ನೋಡಲು ಹೋದವರ ಹಾಗೆ ಊರೂರು ತಿರುಗಿದೆ. ಕೊನೆಗೆ ಮುಂಡರಗಿಯಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಹೇಳಿ ಮಾಡಿಸಿದಂಥದ್ದು ಸಿಕ್ಕಿತು. ಸ್ಪೀಕರ್ ಗೀಕರ್ ಚುಚ್ಚುವ ಮುಂದುಗಡೆಯ ತೂತುಗಳ ವೈರನ್ನು ಇಲಿ ಕಡಿದಿತ್ತು, ಹಿಂದಿನವು ಸರಿ ಇದ್ದವು. ಚಿಪ್ಪಿನ ನಂಬರ್ ನೋಡಿ ನಾನು ಹಲ್ಲು ಬಿಟ್ಟದ್ದನ್ನು ಕಂಡು ಅಂಗಡಿಯವನಿಗೆ ಸಂಶಯ ಬಂತು. “ಏನ್ರಿ, ಒಳಗ ಬಂಗಾರ ಗಿಂಗಾರ ಐತೇನು?” ಎಂದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಗದಗಿಗೆ ತಂದೆ.

ಇನ್ನು ಅಕ್ಕೋರು ಇರುವ ಆ ಕಂಪನಿಯ ಸಿಸ್ಟಮ್ ನೆಟ್ಟಿನಿಂದ ಇಳಿಸಿಕೊಳ್ಳಬೇಕು. ನಮ್ಮ ಮನೆಯ ನೆಟ್ಟಿನಲ್ಲಿ ಅದು ಇಳಿಯುವುದರೊಳಗೆ ನಾನು ರಿಟೈರ್ ಆಗುತ್ತಿದ್ದೆ. ಅಕ್ಕನ ಮನೆ ಶಿರಹಟ್ಟಿಯಲ್ಲಿ, ಅಲ್ಲಿ ಹೊಸದಾಗಿ ಕೇಬಲ್ಲಿನ ನೆಟ್ ಬಂದಿತ್ತು. ಒಂದು ರವಿವಾರ ಲ್ಯಾಪ್‌ಟಾಪ್, ಪೆನ್ ಡ್ರೈವ್ ಹಿಡಿದು ಹೋದೆ. ತವರಿನವರು ಬಂದರೆಂದು ಅಕ್ಕ ಎಣ್ಣೆಗಾಯಿ ಪಲ್ಯ ಮಾಡಿದಳು. ನಾನು ಉಣ್ಣುತ್ತಲೂ ಪರದೆಯನ್ನೇ ನೋಡುತ್ತಿದ್ದೆ.

“ನನ್ನ ಮಾತಾಡ್ಸಾಕ ಬಂದೀಯೋ, ನೆಟ್ ತುಂಬ್ಕೊಂಡ ಹೋಗಾಕ ಬಂದೀಯೋ?” ಎಂದಳು. ಎರಡಕ್ಕೂ ಎಂದು ಹೇಳಿದೆ. ನಂಬಲಿಲ್ಲ. ಆದರೂ ಹೊರಡುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಯಂತ್ರಕ್ಕೆ ಕೈ ಹಚ್ಚುವ ಮೊದಲು ಪೂಜೆ ಆಗಲೇಬೇಕೆಂದು ಅವ್ವ ಹಟ ಹಿಡಿದಳು. ನಮ್ಮ ಮನೆತನದಲ್ಲಿ ಹೊಸದೇನು ಬಂದರೂ ಪೂಜೆಯಿಲ್ಲದೆ ಬಳಸುವುದಿಲ್ಲ, ಮಿಕ್ಸರ್ ಕೂಡ ವಿಭೂತಿ ಹಚ್ಚಿಸಿಕೊಂಡೇ ತಿರುಗಿದ್ದು. ನಾನು ಮೊಬೈಲಿನಲ್ಲಿ ಯಾವುದೋ ಸೂಚನೆ ಓದುತ್ತಾ ಕುಳಿತಿದ್ದೆ. ಅವ್ವ ಏನೇನೋ ಕೇಳುತ್ತಿದ್ದಳು, ನಾನು ತಲೆ ಎತ್ತದೆ ಹೂಂ, ಉಹೂಂ ಎನ್ನುತ್ತಾ ಏನೋ ಒಂದು ಹೇಳುತ್ತಿದ್ದೆ. ಊದಿನಕಡ್ಡಿಯ ಹೊಗೆ ಆರಿದ ಮೇಲೆ ಕೆಲಸ ಶುರು ಮಾಡಿದೆ.

ಅಸಲಿ ಕೆಲಸ ಬೇರೇನೂ ಅಲ್ಲ, ಸುಳ್ಳು ಹೇಳುವುದು. ಪೆನ್ ಡ್ರೈವಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ. ಕಂಪ್ಯೂಟರ್ ಶುರುವಾಗುವಾಗ ಅದು ಮೊದಲು ಎದ್ದು, ಒಳಗೆ ಬರುವ ಸಿಸ್ಟಮ್‌ಗೆ 'ಇದು ನಿಮ್ಮ ಕಂಪನಿಯದೇ ಯಂತ್ರ, ಬರಬೇಕು, ಬರಬೇಕು' ಎಂದು ನಂಬಿಸಬೇಕು. ಹೇಳುವ ಸುಳ್ಳಿನಲ್ಲಿ ಒಂದು ಅಕ್ಷರ ತಪ್ಪಿದರೂ ಸಿಸ್ಟಮ್ ಅರ್ಧದಾರಿಯಲ್ಲಿ ನಿಂತುಬಿಡುತ್ತದೆ. ನಮ್ಮದು ಹೊಸ್ತಿಲಲ್ಲೇ ನಿಂತಿತು. ಅಕ್ಷರ ತಿದ್ದಿದೆ, ಪಡಸಾಲೆಯ ತನಕ ಬಂತು. ಮತ್ತೆ ತಿದ್ದಿದೆ, ಮತ್ತೆ ಹೊಸ್ತಿಲಿಗೆ ಹೋಯಿತು. ಗವಾಯಿ ಸಂಜೆ ಪಾಠ ಮುಗಿಸಿ ಬಂದು ಪಕ್ಕದಲ್ಲಿ ಕುಳಿತು ಫ್ಯಾನಿನ ಸಪ್ಪಳ ಕೇಳುತ್ತಿದ್ದ.

“ಫ್ಯಾನ್ ಕರಿ ಎರಡರಾಗ ಐತಿ,” ಎನ್ನುತ್ತಿದ್ದ. ಅದು ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಮನೆ, ಅವನು ಹಾಡುವ ಶ್ರುತಿ. “ನಮಗ ಹೊಂದ್ತೈತಿ. ಬಂದ ಬರ್ತಾರ ಅಕ್ಕೋರು.”

ಅಂತೂ ಒಂದು ಸಂಜೆ ಕರಿಯ ಪರದೆಯ ನಡುವೆ ಬಿಳಿ ಹಣ್ಣು ಮೂಡಿತು. ಕೆಳಗಿನ ಗೆರೆ ಕೊನೆ ಮುಟ್ಟಿತು. ಆಮೇಲೆ ಪರದೆಯ ತುಂಬ ಗುಡ್ಡ, ಆಕಾಶ, ಬಣ್ಣ. ನಾನು ಕುರ್ಚಿ ಬಿಟ್ಟು ಎದ್ದು ಕುಣಿದೆ ಎಂದು ಅವ್ವ ಈಗಲೂ ಹೇಳುತ್ತಾಳೆ. ಮುಂಡರಗಿಯ ಝೆರಾಕ್ಸ್ ಅಂಗಡಿಯ ಯಂತ್ರ ತಾನು ಅಮೆರಿಕದ ಯಂತ್ರವೆಂದು ನಂಬಿ ಕುಳಿತಿತ್ತು. ಅವ್ವ ಕನ್ನಡಕ ಹಾಕಿಕೊಂಡು ಬಂದು, “ಕಪ್ಪತಗುಡ್ಡ ಇದ್ದಂಗ ಐತಿ,” ಎಂದಳು.

“ಆತಾ?” ಎಂದ ಗವಾಯಿ.

“ಆತು,” ಎಂದೆ.

“ಹಂಗಾರ ಅಕ್ಕೋರು ಎಲ್ಲಿ?”

ಸೆಟಿಂಗಿನೊಳಗೆ ಹೋಗಿ ಕನ್ನಡದ ದನಿಯನ್ನು ಇಳಿಸಿದೆ, ಚಾಲೂ ಮಾಡಿದೆ. ದನಿ ಓದುತ್ತಿರುವ ಜಾಗದ ಸುತ್ತ ಕಪ್ಪು ಚೌಕಟ್ಟು ಬಂತು. ಅಂದರೆ ಅಕ್ಕೋರು ಓದುತ್ತಿದ್ದರು. ಸ್ಪೀಕರಿನಿಂದ ಮಾತ್ರ ಏನೂ ಬರಲಿಲ್ಲ. ಗವಾಯಿ ಕಿವಿ ಮುಂದೆ ಮಾಡಿ ಕುಳಿತಿದ್ದ. ಅಷ್ಟು ಚೆಂದದ ಪರದೆಯ ಮುಂದೆ ಕುಳಿತ ಅವನ ಪಾಲಿಗೆ ಅಲ್ಲೊಂದು ಫ್ಯಾನ್ ತಿರುಗುತ್ತಿತ್ತು, ಅಷ್ಟೇ.

ಇಂಥ ಯಂತ್ರಗಳಲ್ಲಿ ಸದ್ದು ಬಾರದಿರುವುದು ದೊಡ್ಡ ಮಾತಲ್ಲ. ಸದ್ದಿನ ಚಿಪ್ಪಿಗೂ ಒಂದು ಸುಳ್ಳು ಹೇಳಬೇಕು, ಅದಕ್ಕೆ ಇಂತಿಂಥ ನಂಬರ್ ಎಂದಿರುತ್ತದೆ. ಒಂದೊಂದೇ ಹಾಕಿ, ಯಂತ್ರ ಬಂದ್ ಮಾಡಿ, ಚಾಲೂ ಮಾಡಿ ನೋಡಬೇಕು. ನೋಡಿದೆ. ಆಫೀಸಿನಿಂದ ಬಂದವನೇ ಅಂಗಿ ಬದಲಿಸದೆ ಅದರ ಮುಂದೆ ಕೂಡುತ್ತಿದ್ದೆ. ಪರದೆಯ ಮೇಲೆ ಸ್ಪೀಕರಿನ ಗುರುತು ಬಂತು, ಸದ್ದು ಏರಿಸುವ ಇಳಿಸುವ ಗೆರೆ ಬಂತು, ಎಲ್ಲ ಸರಿ ಇದೆ ಎಂದು ಯಂತ್ರ ಹೇಳಿತು. ಸ್ಪೀಕರನ್ನು ಮೊಬೈಲಿಗೆ ಹಚ್ಚಿದರೆ ಹಾಡುತ್ತಿತ್ತು, ಇದಕ್ಕೆ ಹಚ್ಚಿದರೆ ಮೂಕ. ಗವಾಯಿ ದಿನಾ ಬಂದು ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದ.

“ಅಕ್ಕೋರು?”

“ಮಾತಾಡವಲ್ರು.”

ಮೊದಮೊದಲು ನಗುತ್ತಿದ್ದೆವು. ಅಕ್ಕೋರು ಸೂಟಿ ಹಾಕ್ಯಾರ, ಅಕ್ಕೋರಿಗೆ ಟ್ರಾನ್ಸ್‌ಫರ್ ಆಗೇತಿ ಎಂದೆಲ್ಲ ಅವನೇ ಹೇಳುತ್ತಿದ್ದ. ಬರುಬರುತ್ತಾ ನನಗೆ ಸಿಟ್ಟು ಬರತೊಡಗಿತು. ಇಷ್ಟೆಲ್ಲ ಮಾಡಿದ ನನ್ನನ್ನು ಈ ಒಂದು ಸದ್ದು ಸೋಲಿಸುತ್ತಿದೆಯಲ್ಲ ಎಂದು. ಒಂದು ಸಂಜೆ ಬಾಯಿ ಜಾರಿತು.

“ನಿನ್ನ ಹುಡುಗ್ರಾಗ ಒಬ್ಬವನ್ನ ಬಾಜೂಕ ಕುಂಡ್ರಿಸ್ಕೊಂಡ ಮಾಡು ಸದ್ಯಕ್ಕ. ಅವ ನೋಡಿ ಒತ್ತತಾನ, ನೀ ಹಾಡು. ಪರದೆ ಅಂತೂ ಚಲೋ ಐತೆಲ್ಲ.”

ಗವಾಯಿ ಕೈಯಲ್ಲಿದ್ದ ಚಹಾದ ಕಪ್ಪನ್ನು ನೆಲ ಮುಟ್ಟಿ ನೋಡಿ ನಿಧಾನಕ್ಕೆ ಇಟ್ಟ.

“ನಿನ್ನ ಪಾಲಿಂದು ಮುಗದೈತಿ. ನಿನಗ ಕಂಡೈತಿ,” ಎಂದ. “ಬಾಜೂಕ ಒಬ್ಬಾವ ಕುಂತ ಅಂದ್ರ ಮತ್ತ ಹುಬ್ಬಳ್ಳೀನ ಆತಲ್ಲೋ.”

ಕೋಲು ತೆಗೆದುಕೊಂಡು ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನನಗೆ ಅನ್ನ ರುಚಿಸಲಿಲ್ಲ. ಹೇಳಿದ್ದು ತಪ್ಪೆಂದು ಗೊತ್ತಿತ್ತು, ಆದರೆ ಬರಿಗೈಯಲ್ಲಿ ಹೋಗಿ ಏನು ಮಾತಾಡುವುದು? ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದೆ. ಅವ್ವ ಹಿಂದಿನಿಂದ ಬಂದಳು.

“ನನ್ನ ಪೂಜಿಯೊಳಗ ಏನೂ ಕಮ್ಮಿ ಆಗಿಲ್ಲಪಾ. ಅದು ಮಾತಾಡೂದು ಎಲ್ಲಿಂದ ಅಂತ ನಿನ್ನ ಕೇಳೇ ಮಾಡೀನಿ.”

“ಏನ್ ಕೇಳಿದ್ದಿ?”

“ಇದರ ಬಾಯಿ ಯಾವುದು ಅಂದೆ. ಹಿಂದ ಹಸರ ತೂತು ಐತೆಲ್ಲ, ಅದ, ಅಂದಿ. ಗವಾಯಿಗಳಿಗೆ ಮಾತಾಡೂ ಮಷೀನ್ ಅಲ್ಲೇನು, ಅದಕ್ಕ ಬಾಯಿಗೇ ಗಂಧ ಹಚ್ಚಿ ಅಕ್ಷತಿ ಹಾಕೀನಿ.”

ನಾನು ಯಂತ್ರವನ್ನು ತಿರುಗಿಸಿದೆ. ಸ್ಪೀಕರಿನ ಕಡ್ಡಿ ಹಸಿರು ತೂತಿನಲ್ಲಿ ಇತ್ತು, ಆದರೆ ಪೂರ್ತಿ ಒಳಗೆ ಕೂತಿರಲಿಲ್ಲ. ಇಷ್ಟು ದಿನ ಅದನ್ನು ಕೈತಡವಿ ಚುಚ್ಚಿದ್ದೆನೇ ಹೊರತು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ, ಪರದೆಯ ಮುಂದೆ ಕುಳಿತು ನಂಬರ್ ಬದಲಿಸುವುದೇ ವಿದ್ಯೆ ಎಂದುಕೊಂಡಿದ್ದೆ. ಕಡ್ಡಿ ಕಿತ್ತು, ಟಾರ್ಚ್ ಹಿಡಿದು, ಕರೆಂಟ್ ತೆಗೆದು ಸೂಜಿಯಿಂದ ಕೆದಕಿದೆ. ಒಣಗಿದ ಗಂಧದ ಪುಡಿ ಉದುರಿತು. ಅದರ ಹಿಂದೆ ಕುಂಕುಮ ಹತ್ತಿದ ಒಂದು ಅಕ್ಕಿಕಾಳು ಬಂತು. ಅವ್ವ ಅದನ್ನು ನನ್ನ ಅಂಗೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ಈ ಸಲ ಕಡ್ಡಿ ಟಕ್ಕೆಂದು ಕುಳಿತಿತು. ಯಂತ್ರ ಚಾಲೂ ಮಾಡಿದೆ. ಸ್ವಲ್ಪ ಹೊತ್ತಿಗೆ ಕೋಣೆಯ ತುಂಬ, ಸ್ಪಷ್ಟವಾಗಿ, ಒಬ್ಬ ಹೆಣ್ಣುಮಗಳು ಪಾಸ್‌ವರ್ಡ್ ನಮೂದಿಸಲು ಹೇಳಿದಳು.

“ನೋಡು, ತಡಾ ಆದ್ರೂ ಪೂಜಿ ಹುಸಿ ಹೋಗ್ಲಿಲ್ಲ,” ಎಂದಳು ಅವ್ವ. ನನಗೆ ನಗು ತಡೆಯಲಾಗಲಿಲ್ಲ. ಅವ್ವನಿಗೆ ಸಿಟ್ಟು ಬಂತು, ನನಗೆ ಇನ್ನೂ ನಗು ಬಂತು. ಗವಾಯಿಗೆ ಫೋನ್ ಹಚ್ಚಿ, ಏನೂ ಮಾತಾಡದೆ ಸ್ಪೀಕರಿನ ಮುಂದೆ ಹಿಡಿದೆ. ಅಕ್ಕೋರು ಪರದೆಯ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಓದಿದರು. ಆ ಕಡೆ ಅವನು ಚಪ್ಪಲಿ ಮೆಟ್ಟಿದ ಸಪ್ಪಳ ಕೇಳಿತು.

“ಬಂದೆ. ಯಾರೂ ಏನೂ ಮುಟ್ಟಬ್ಯಾಡ್ರಿ,” ಎಂದ.

ಬಂದವನು ಜಗಳದ ಮಾತೇ ಎತ್ತಲಿಲ್ಲ. ಅವ್ವ, “ಬರ್ರಿ ಗವಾಯಿಗಳ, ಕುಂಡ್ರಿ. ನಿಮ್ಮ ಅಕ್ಕೋರಿಗೆ ಗಂಟಲಾಗ ಅಕ್ಕಿಕಾಳು ಸಿಕ್ಕಿತ್ರಿ,” ಎಂದು ತಾನೇ ಹೇಳಿಬಿಟ್ಟಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕೀಲಿಮಣೆಯ ಮೇಲೆ ಬೆರಳಿಟ್ಟ. ಅಕ್ಕೋರು ಏನು ಹೇಳಿದರೂ “ಆತ್ರಿ” ಎನ್ನುತ್ತಾ ಮುಂದೆ ಹೋದ. ಅವರು 'ಆಯ್ಕೆಮಾಡಲಾಗಿದೆ' ಎಂದರೆ ಇವನು 'ಹೂಂನ್ರಿ'. ನಾನು ಹೇಳಿಕೊಡಲು ಹೋದೆ.

“ನೀ ಸುಮ್ನ ಕುಂಡ್ರು. ಅಕ್ಕೋರು ಹೇಳಾಕತ್ತಾರ,” ಎಂದ.

ಮರುದಿನ ಆಟೋದಲ್ಲಿ ಯಂತ್ರವನ್ನು ಅವನ ಕೋಣೆಗೆ ಸಾಗಿಸಿ, ಅವನ ಹತ್ತಿರವಿದ್ದ ಕಾರ್ಯಕ್ರಮದ ಮೈಕನ್ನು ಅದಕ್ಕೆ ಜೋಡಿಸಿದೆವು. ಒಂದೇ ಎಚ್ಚರಿಕೆ ಕೊಟ್ಟೆ: ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಲೇ ಎಂದು ಅಕ್ಕೋರು ಎಷ್ಟೇ ನಯವಾಗಿ ಕೇಳಿದರೂ ಹೂಂ ಎನ್ನಬಾರದು. ಎಂದರೆ ನಮ್ಮ ಸುಳ್ಳೆಲ್ಲ ಬಯಲಾಗಿ ಯಂತ್ರ ಮತ್ತೆ ಮುಂಡರಗಿಯದಾಗಿಬಿಡುತ್ತದೆ. ಅವನು ತಲೆ ಆಡಿಸಿದ. ಪರದೆಯನ್ನು ಎಲ್ಲಿ ಇಡಲಿ ಎಂದು ಕೇಳಿದರೆ, ಗೋಡೆಯ ಕಡೆ ಮುಖ ಮಾಡಿ ಇಡು ಎಂದ. ನಾನು ಅಷ್ಟು ಕಷ್ಟಪಟ್ಟು ತರಿಸಿದ ಗುಡ್ಡ, ಆಕಾಶ, ಬಣ್ಣವೆಲ್ಲ ಈಗ ಗೋಡೆಯ ಸುಣ್ಣ ನೋಡುತ್ತಾ ಕುಳಿತಿವೆ.

ಆಮೇಲೆ ಕೆಲವು ದಿನ ಅವನ ಕಡೆಯಿಂದ ಖಬರಿಲ್ಲ. ಒಂದು ರವಿವಾರ ಮುಂಜಾನೆ ನಾನೇ ಹೋದೆ. ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದರೆ, “ರೆಕಾರ್ಡಿಂಗ್ ನಡದೈತಿ. ಹೊರಗ ಕುಂಡ್ರು,” ಎಂದ. ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಒಂದೇ ಸಾಲು ಮತ್ತೆ ಮತ್ತೆ ಕೇಳಿ ಬರುತ್ತಿತ್ತು, ನಡುನಡುವೆ ಅಕ್ಕೋರ ದನಿ. ಯಂತ್ರ ಮಾಡಿಕೊಟ್ಟವನನ್ನೇ ಹೊರಗೆ ಕೂಡ್ರಿಸಿದನಲ್ಲ ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬಿಸಿಲು ಕಾಲಿಗೆ ಬಂದಿತ್ತು, ನನಗೆ ಬಹಳ ಸಂತೋಷವಾಗಿತ್ತು.

ಬಾಗಿಲು ತೆಗೆದು ಒಳಗೆ ಕರೆದ. ಅದೇ ಯಮನ್. ತಾನೇ ಹಚ್ಚಿ ಕೇಳಿಸಿದ. ದನಿ ಕಿವಿಯ ಪಕ್ಕದಲ್ಲೇ ಇದ್ದ ಹಾಗಿತ್ತು, ತಂಬೂರಿಯ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳುತ್ತಿತ್ತು. ನಿಷಾದದ ಮೇಲೆ ಅವನು ನಿಲ್ಲುವುದನ್ನೇ ಕಾಯುತ್ತಿದ್ದೆ. ಬಂದ, ಮುಟ್ಟಿದ, ಷಡ್ಜಕ್ಕೆ ಹೋಗಿಬಿಟ್ಟ. ಹುಬ್ಬಳ್ಳಿಯವರು ಉಳಿಸಿದ್ದಕ್ಕಿಂತಲೂ ಕಡಿಮೆ.

“ಆಲಾಪ ಎಲ್ಲಿ ಹೋತಲೇ?” ಎಂದೆ.

“ಉದ್ದಕ ಹಾಡಿದ್ದೆ. ಕೇಳಿ ನೋಡಿದೆ. ಅಲ್ಲಿ ನಾ ಹಾಡಾಕತ್ತಿದ್ದಿಲ್ಲ, ತೋರ್ಸಾಕತ್ತಿದ್ದೆ. ತಗದ ಬಿಟ್ಟೆ.” ಹಾರ್ಮೋನಿಯಮ್ಮಿನ ಮೇಲೆ ಸುಮ್ಮನೆ ಕೈ ಆಡಿಸಿದ. “ಇಷ್ಟ ವರ್ಷದಾಗ ನನ್ನ ದನಿ ಹಿಂಗ ಬಿಚ್ಚಿ ನಾ ಒಬ್ಬನ ಕುಂತ ಕೇಳಿದ್ದಿಲ್ಲಲೇ. ಯಾರರ ಬಾಜೂಕ ಇರತಿದ್ರು. ಬಾಜೂಕ ಇದ್ದವರು ಭಾಳ ಚಲೋ ಐತಿ ಅಂದ ಬಿಡತಿದ್ರು.”

ಬಾಯಿಯ ತನಕ ಬಂದಿದ್ದ ಅದೇ ಮಾತನ್ನು ನುಂಗಿಕೊಂಡು, ಇನ್ನೊಮ್ಮೆ ಹಚ್ಚು ಎಂದೆ.